ಹೊಸಬನ ಹೆಸರೂ ಹವ್ಯಾಸಿಗಳ ಸಭಾಮರ್ಯಾದೆಯೂ

ಬಲ್ಲವರ ಸಭೆಗೆ ಹೊಸದಾಗಿ ಬಂದವನು ತನ್ನ ಹೆಸರನ್ನು ಹೇಳಬೇಕೆ, ಮರೆಸಬಹುದೆ, ಮರೆಸಿದರೆ ಅದನ್ನು ವಿನಯವೆಂದು ಕೊಳ್ಳಬೇಕೆ ವಂಚನೆಯೆಂದು ಕೊಳ್ಳಬೇಕೆ ಎಂಬ ಪ್ರಶ್ನೆ ಕನ್ನಡಿಗರಿಗೆ ಹೊಸತೇನೂ ಅಲ್ಲ. ಊರು ಬಿಟ್ಟು ಬಂದವರ ನಡುವೆ ಅದು ಮತ್ತೆ ಮತ್ತೆ ತಲೆಯೆತ್ತುವುದು ಸಹಜವೇ ಆಗಿದೆ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಥಾಣೆಗೆ ಪ್ರಯಾಣಿಕರ ಮೊದಲ ರೈಲು ಓಡಿತು. ಮರುವರ್ಷ ಹಳಿಗಳು ಕಲ್ಯಾಣವನ್ನು ಮುಟ್ಟಿದವು. ೧೯೭೦ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪಿತವಾದ ಮೇಲೆ ಖಾರಿಯ ಆಚೆಯ ದಡದಲ್ಲಿ ನವಿಮುಂಬಯಿ ಎದ್ದಿತು. ಅಂದಿನಿಂದ ಇಂದಿನವರೆಗೂ ಈ ಪ್ರದೇಶದ ಚರಿತ್ರೆಯೆಂದರೆ ಹೊಸಬರ ಚರಿತ್ರೆಯೇ ಸರಿ. ಹೊಸಬನೊಬ್ಬ ಥಾಣೆ, ಡೊಂಬಿವಲಿಗಳ ಕನ್ನಡಿಗರ ಕೂಟವೊಂದಕ್ಕೆ ಬಂದರೆ ಹಿರಿಯರು ಮೊದಲು ಕೇಳುವುದು ಅವನ ಹೆಸರನ್ನಲ್ಲ. ಊರು ಯಾವುದು, ಯಾರ ಪೈಕಿ ಎಂಬುದು ಇತ್ಯರ್ಥವಾದ ಮೇಲೆ, ನೆನಪಾದರೆ, ಹೆಸರನ್ನೂ ಕೇಳುತ್ತಾರೆ.

ಈ ಕೂಟಗಳಲ್ಲಿ ಹವ್ಯಾಸಿಗಳ ಪಾಲಿಗೆ ಮುಖ್ಯವಾದುದು ತಾಳಮದ್ದಳೆ. ಕರಾವಳಿಯಲ್ಲಿ ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಬಯಲಾಟಕ್ಕೆ ಅವಕಾಶವಿಲ್ಲದ ಕಾರಣ ವೇಷವನ್ನೂ ಕುಣಿತವನ್ನೂ ಬಿಟ್ಟು ಹಾಡುಗಾರಿಕೆ ಮತ್ತು ಮಾತುಗಾರಿಕೆಗಳನ್ನಷ್ಟೇ ಉಳಿಸಿಕೊಂಡ ಕೂಟ ಚಾವಡಿಗಳಲ್ಲಿ ನಡೆಯುತ್ತದೆ. ಕರಾವಳಿಯವರೊಡನೆ ಅದು ಮುಂಬಯಿಗೂ ಅದರ ಉಪನಗರಗಳಿಗೂ ಬಂದಿತು. ಹಗಲಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು, ಕಚೇರಿಯ ಕಡತ ಬರೆದವನು, ಸಂಜೆ ಕೌರವನಾಗಿ ಕೃಷ್ಣನ ಸಂಧಾನವನ್ನು ತಳ್ಳಿಹಾಕುತ್ತಾನೆ. ಮೈಮೇಲೆ ಕಿರೀಟವಿಲ್ಲ, ಮುಖಕ್ಕೆ ಬಣ್ಣವಿಲ್ಲ. ಆದರೂ ಭಾಗವತರು ಪದವೆತ್ತಿದ ಕ್ಷಣದಿಂದ ಮಂಗಳದವರೆಗೆ ಅವನ ಸ್ವಂತ ಹೆಸರು ಆ ಸಭೆಯಲ್ಲಿ ಚಲಾವಣೆಯಲ್ಲಿರುವುದಿಲ್ಲ.

ಈ ಪದ್ಧತಿ ಬಹು ಹಳೆಯದು. ಬಳ್ಳಾರಿ ಜಿಲ್ಲೆಯ ಕುರುಗೋಡಿನ ಬಳಿಯ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯದ ೧೫೫೬ರ ಶಾಸನವು ತಾಳಮದ್ದಳೆಯ ಸೇವೆಗಾಗಿ ಭೂಮಿ ಬಿಟ್ಟುದನ್ನು ಹೇಳುವುದೆಂದು ಸಂಶೋಧಕರು ಎತ್ತಿ ತೋರಿಸಿದ್ದಾರೆ. ಪ್ರಸಂಗಗಳ ಪೈಕಿ ಬಹಳ ಹಳೆಯದೆಂದು ಹೆಸರಿಸಲಾಗುವುದು ಅಜಪುರದ, ಎಂದರೆ ಇಂದಿನ ಬ್ರಹ್ಮಾವರದ, ವಿಷ್ಣು ಎಂಬ ಕವಿಯ ವಿರಾಟಪರ್ವ. ಅದರ ಓಲೆಪ್ರತಿಯ ಕಾಲ ೧೫೬೪. ಇದು ಕೇವಲ ಆಕಸ್ಮಿಕವಿರಬಹುದು. ಆದರೂ, ವೇಷ ಹಾಕಿಯೋ ಹಾಕದೆಯೋ ಅನ್ಯರ ಹೆಸರಿನಲ್ಲಿ ಮಾತಾಡುವ ಈ ಕಲೆಯ ಆದಿಯಲ್ಲೇ, ಹೆಸರು ಮರೆಸಿ ಪರರ ಆಸ್ಥಾನಕ್ಕೆ ಬಂದ ಆರು ಮಂದಿ ಹೊಸಬರ ಕಥೆ ನಿಂತಿರುವುದು ಗಮನಿಸತಕ್ಕ ಸಂಗತಿ.

ವಿರಾಟಪರ್ವವನ್ನು ಈ ದೃಷ್ಟಿಯಿಂದ ಓದಿದವರು ವಿರಳ. ಅಜ್ಞಾತವಾಸಕ್ಕೆ ಹೊರಡುವ ಮುನ್ನ ಪುರೋಹಿತನಾದ ಧೌಮ್ಯನು ಪಾಂಡವರಿಗೆ ಉಪದೇಶಿಸುವುದು ಶಸ್ತ್ರವಿದ್ಯೆಯನ್ನಲ್ಲ, ಸಭೆಯಲ್ಲಿ ನಡೆದುಕೊಳ್ಳುವ ಕ್ರಮವನ್ನು. ಕೇಳದೆ ಬುದ್ಧಿ ಹೇಳಬಾರದು, ಅರಸನ ಆಸನವನ್ನೂ ವಾಹನವನ್ನೂ ಏರಬಾರದು, ಅವನ ಬಲಕ್ಕೋ ಎಡಕ್ಕೋ ಕುಳ್ಳಿರಬೇಕೇ ಹೊರತು ಹಿಂದೆ ಕುಳ್ಳಿರಬಾರದು, ಆ ಸ್ಥಾನ ಕಾವಲಿನವರದು, ಗಟ್ಟಿಯಾಗಿ ನಗಬಾರದು, ಅಂತಃಪುರದ ಸುದ್ದಿಗೆ ಹೋಗಬಾರದು. ಹೆಸರನ್ನು ಬಿಟ್ಟವನಿಗೆ ನಡತೆಯೊಂದೇ ಗುರುತು ಎಂಬುದನ್ನು ಆ ಮುದುಕ ಚೆನ್ನಾಗಿ ಅರಿತಿದ್ದ. ಹೆಸರುಳ್ಳವನ ಒರಟುತನವನ್ನು ಜನ ಅವನ ಮನೆತನದ ಮುಖ ನೋಡಿ ಸಹಿಸಿಯಾರು. ಹೆಸರಿಲ್ಲದವನಿಗೆ ಆ ಸಾಲ ಹುಟ್ಟುವುದಿಲ್ಲ.

ಮರೆಸಿದ ಹೆಸರಿಗೆ ತೆರಬೇಕಾದ ಬೆಲೆಯನ್ನೂ ಆ ಪರ್ವ ಮುಚ್ಚಿಡುವುದಿಲ್ಲ. ಉತ್ತರನ ಗೆಲುವಿಗೆ ಬೃಹನ್ನಳೆಯೇ ಕಾರಣವೆಂದು ಕಂಕನು ನಿಜವನ್ನಾಡಿದಾಗ ವಿರಾಟನು ದಾಳವನ್ನು ಎಸೆದು ಅವನ ಮುಖ ಒಡೆಯುತ್ತಾನೆ. ಧರ್ಮರಾಯನೆಂದು ತಿಳಿದಿದ್ದರೆ ಎಸೆಯುತ್ತಿರಲಿಲ್ಲ. ಆಗ ಕಂಕನ ನೋಟವನ್ನರಿತು ಪಾತ್ರೆ ತಂದು, ನೆತ್ತರು ನೆಲಕ್ಕೆ ಬೀಳದಂತೆ ಹಿಡಿದವಳು ಸೈರಂಧ್ರಿ. ಸಭೆಯಲ್ಲಿ ಅವನ ಹೆಸರು ಬಲ್ಲವರು ಒಬ್ಬರಾದರೂ ಇದ್ದರು. ಮುಂದೆ ಬರುವ ವಿಚಾರಕ್ಕೆ ಈ ಪಾತ್ರೆಯನ್ನು ನೆನಪಿನಲ್ಲಿಡಬೇಕು.

ತಾಳಮದ್ದಳೆಯ ಮರ್ಯಾದೆಗಳು ಬರೆದಿಟ್ಟವಲ್ಲ, ಆದರೂ ಬಿಗಿಯಾದವು. ಅರ್ಥಧಾರಿಯು ಭಾಗವತರು ಹಾಡಿದ ಪದದ ಎಲ್ಲೆಯನ್ನು ಮೀರಕೂಡದು. ಎದುರಾಳಿಯ ವಾದವನ್ನು ಎಷ್ಟು ಕಟುವಾಗಿಯಾದರೂ ಖಂಡಿಸಬಹುದು, ಆದರೆ ಪಾತ್ರದ ಆಚೆಗಿರುವ ಮನುಷ್ಯನ ಜಾತಿ, ಕಸುಬು, ಮನೆಯ ತಾಪತ್ರಯಗಳಿಗೆ ಕೈಯಿಕ್ಕಕೂಡದು. ಹೊಸಬನಿಗೆ ದೊರೆಯುವುದು ದೂತನೋ, ಚಾರಕನೋ, ಎರಡು ಪದಗಳ ಮಂತ್ರಿಯೋ. ಬಯಲಾಟದಲ್ಲಿ ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷಗಳನ್ನು ದಾಟಿಯೇ ಮುಂದಿನ ವೇಷಕ್ಕೆ ಹೋಗಬೇಕಾಗಿದ್ದಂತೆ ಇಲ್ಲಿಯೂ ಒಂದು ಏಣಿಯುಂಟು. ಸಣ್ಣ ಪಾತ್ರದಲ್ಲಿ ಹೊಸಬನು ತಪ್ಪಿದರೆ ತಪ್ಪಿದ್ದು ಪ್ರಹಸ್ತ ಅಥವಾ ಸಾತ್ಯಕಿ. ಚಹಾದ ಹೊತ್ತಿಗೆ ಅವನು ಮತ್ತೆ ಇಂಥವರ ಮಗನಾಗಿ ಹಿರಿಯರ ಮಗ್ಗುಲಲ್ಲಿ ಕುಳ್ಳಿರಬಹುದು. ಪಾತ್ರದ ಹೆಸರು ಅವನಿಗೆ ಮುಸುಕು, ಆದರೆ ಮುಸುಕಿನ ಒಳಗಿರುವವನು ಯಾರೆಂಬುದನ್ನು ಸಭೆಯೆಲ್ಲ ಬಲ್ಲದು. ಪಳಗಿದ ಮೇಲೂ ಅವನ ಸ್ವಂತ ಹೆಸರು ಬೇಗನೆ ಮುಂದಕ್ಕೆ ಬರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ಕೇಳುಗರ ಬಾಯಲ್ಲಿ ಬರಿಯ ‘ಶೇಣಿ’. ಸುಂದರ ರಾಯರು ‘ಕುಂಬಳೆ’. ಊರೇ ಅರ್ಥಧಾರಿಯ ಅಂಕಿತವಾಯಿತು. (ಆಮಂತ್ರಣ ಪತ್ರಿಕೆಗಳಲ್ಲಿ ಹೆಸರುಗಳನ್ನು ಹಿರಿಕಿರಿತನಕ್ಕೆ ತಕ್ಕಂತೆ ಮುದ್ರಿಸುವ ಚಾಳಿ ಬಂದ ಮೇಲೆ ಹುಟ್ಟಿದ ಮನಸ್ತಾಪಗಳ ಚರಿತ್ರೆಯನ್ನು ಬೇರೊಬ್ಬರು ಬರೆಯಬೇಕು.)

ಮರೆಯಲ್ಲಿ ನಿಂತು ಹೊಡೆಯುವುದು ಸರಿಯೆ ಎಂಬ ಪ್ರಶ್ನೆಯನ್ನೇ ಈ ಕೂಟಗಳು ತಮ್ಮ ಅತ್ಯಂತ ಪ್ರಿಯವಾದ ವಾದಗಳಲ್ಲೊಂದಾಗಿ ಇರಿಸಿಕೊಂಡಿವೆ. ವಾಲಿಮೋಕ್ಷದಲ್ಲಿ ಬಾಣ ನಾಟಿಸಿಕೊಂಡು ಬಿದ್ದ ವಾಲಿಯು ರಾಮನನ್ನು ಕೇಳುವುದು ಅದನ್ನೇ. ರಾಮನ ಪಾತ್ರ ವಹಿಸಿದವನು ಪ್ರತಿ ಸಲವೂ ಹೊಸ ಸಮಾಧಾನ ಹುಡುಕಬೇಕಾಗುತ್ತದೆ, ಕೇಳುಗರು ಪ್ರತಿ ಸಲವೂ ಅರೆಮನಸ್ಸಿನಿಂದ ಒಪ್ಪುತ್ತಾರೆ. ಹಾಗೆ ಕೇಳುವವನೂ ಉತ್ತರಿಸುವವನೂ ಮರೆಯಿಲ್ಲದೆ ಎದುರುಬದುರು ಕುಳಿತಿರುವುದರಲ್ಲಿಯೇ ಈ ಕಲೆಯ ಸೊಗಸಿದೆ.

ಪ್ರಸಂಗಕರ್ತರ ಮಾತು ಬೇರೆ. ಅವರು ಕೃತಿಯ ಕೊನೆಗೆ ದೇವರ ಹೆಸರನ್ನಿಟ್ಟು ತಮ್ಮದನ್ನು ಬಿಟ್ಟರು. ಅದರ ಫಲವಾಗಿ ಕುಂಬಳೆ ಸೀಮೆಯ ಪಾರ್ತಿಸುಬ್ಬನೇ ರಾಮಾಯಣ ಪ್ರಸಂಗಗಳ ಕರ್ತೃವೇ ಎಂಬ ವಿಷಯದಲ್ಲಿ ಶಿವರಾಮ ಕಾರಂತರು ಒಂದು ಕಡೆಗೂ, ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟ ಮುಂತಾದವರು ಇನ್ನೊಂದು ಕಡೆಗೂ ನಿಂತು ವಾದಿಸಬೇಕಾಯಿತು. ಆದರೆ ಅಂಕಿತವು ಭಕ್ತಿಯ ರೂಢಿ. ಅಲ್ಲಿ ಹೆಸರನ್ನು ಬಿಟ್ಟವನಿಗೆ ನಷ್ಟವೆಂಬ ಭಾವನೆ ಇದ್ದಂತಿಲ್ಲ. ನಷ್ಟ ನಿಜವಾಗಿಯೂ ಸಂಭವಿಸಿದ್ದು ಅಚ್ಚಿನ ಕಾಲದಲ್ಲಿ, ಅದೇ ಕರಾವಳಿಯ ಒಬ್ಬ ತರುಣನಿಗೆ.

ನಂದಳಿಕೆಯ ಲಕ್ಷ್ಮೀನಾರಣಪ್ಪ ಹುಟ್ಟಿದ್ದು ೧೮೭೦ರಲ್ಲಿ, ಕಾರ್ಕಳದ ಬಳಿ. ಬಡತನದಿಂದ ಓದು ಮುಂದುವರಿಯಲಿಲ್ಲ. ಅಂಗಸಾಧನೆಯ ಶಿಕ್ಷಣ ಪಡೆದು ಉಡುಪಿಯಲ್ಲಿ ಶಾಲೆಯ ಹುಡುಗರಿಗೆ ಕಸರತ್ತು ಕಲಿಸುವ ಉಪಾಧ್ಯಾಯನಾದ. ಯಕ್ಷಗಾನದ ವಾತಾವರಣದಲ್ಲಿ ಬೆಳೆದವನು. ರತ್ನಾವತಿ ಕಲ್ಯಾಣ, ಕುಮಾರವಿಜಯ ಎಂಬ ಎರಡು ಪ್ರಸಂಗಗಳನ್ನು ರಚಿಸಿದ. ಇವು ಅವನವೆಂಬುದು ಗುಟ್ಟಾಗಿರಲಿಲ್ಲ. ಆ ಬಳಗದಲ್ಲಿ ಅವನಿಗೆ ಜಾಗವಿತ್ತು, ಹಾಡುವವರೂ ಕುಣಿಯುವವರೂ ಅವನನ್ನು ಬಲ್ಲವರಾಗಿದ್ದರು. ಹಳಗನ್ನಡದಲ್ಲಿ ಕಾವ್ಯ ಬರೆದಾಗ ಅವನು ಹೋಗಬೇಕಾಗಿದ್ದುದು ಮತ್ತೊಂದು ಸಭೆಗೆ, ಘಟ್ಟದ ಮೇಲಿನ ಮೈಸೂರಿನ ವಿದ್ವಾಂಸರ ಸಭೆಗೆ.

ಆ ಸಭೆಯ ಸ್ಥಿತಿಯನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ೧೮೯೦ರ ದಶಕವೆಂದರೆ ಓಲೆಗರಿಗಳಿಂದ ಪ್ರಾಚೀನ ಕನ್ನಡವನ್ನು ಬಿಡಿಸಿ ಅಚ್ಚಿಗೆ ತರುತ್ತಿದ್ದ ಕಾಲ. ಎಂ. ಎ. ರಾಮಾನುಜ ಅಯ್ಯಂಗಾರ್ಯ, ಎಸ್. ಜಿ. ನರಸಿಂಹಾಚಾರ್ಯ ಇಬ್ಬರೂ ಕಾವ್ಯಮಂಜರಿಯನ್ನು ನಡೆಸುತ್ತಿದ್ದರು. ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ ಕವಿರಾಜಮಾರ್ಗ ೧೮೯೮ರಲ್ಲಿ ಹೊರಬಂದಿತು. ಸತ್ತ ಕವಿಗೆ ಅಲ್ಲಿ ರತ್ನಗಂಬಳಿ ಹಾಸಿತ್ತು. ಬದುಕಿರುವ ಕವಿ, ಅದರಲ್ಲಿಯೂ ದೂರದ ಮದರಾಸು ಪ್ರಾಂತದ ಜಿಲ್ಲೆಯೊಂದರಲ್ಲಿ ಕಸರತ್ತು ಹೇಳಿಕೊಡುವ ಇಪ್ಪತ್ತೈದರ ಹರೆಯದವನು ಹಳಗನ್ನಡ ಬರೆದನೆಂದರೆ ಅವನ ಕೃತಿಯನ್ನು ಬಿಚ್ಚಿ ನೋಡುವ ತಾಳ್ಮೆ ಯಾರಿಗಿದ್ದೀತು? ಲಕ್ಷ್ಮೀನಾರಣಪ್ಪ ಆ ಬಾಗಿಲನ್ನು ಸತ್ತವನಾಗಿಯೇ ತಟ್ಟಿದ. ಅದ್ಭುತರಾಮಾಯಣ, ಶ್ರೀರಾಮಪಟ್ಟಾಭಿಷೇಕ, ಶ್ರೀರಾಮಾಶ್ವಮೇಧಗಳನ್ನು ತನಗೆ ದೊರೆತ ಹಳೆಯ ಪ್ರತಿಗಳೆಂಬ ನೆವದಲ್ಲಿ ಮೈಸೂರಿಗೆ ಕಳುಹಿಸಿದ. ಅವು ಪ್ರಾಚೀನವೆಂದೇ ಅಚ್ಚಾದವು.

ಇದನ್ನು ಕೆಲವರು ಕವಿಸಹಜವಾದ ವಿನಯವೆಂದಿದ್ದಾರೆ, ಕೆಲವರು ವಿದ್ವಾಂಸರ ಮೇಲೆ ಹೂಡಿದ ಚೇಷ್ಟೆಯೆಂದಿದ್ದಾರೆ. ಎರಡೂ ಸಮರ್ಪಕವಾಗಿ ತೋರುವುದಿಲ್ಲ. ವಿನಯವೇ ಆಗಿದ್ದರೆ ಪ್ರಸಂಗಗಳ ವಿಷಯದಲ್ಲಿಯೂ ಅದು ಕಾಣಬೇಕಾಗಿತ್ತು. ಚೇಷ್ಟೆಯಾಗಿದ್ದರೆ ಗೆದ್ದವನು ಕೊನೆಗೊಮ್ಮೆಯಾದರೂ ನಗಬೇಕಾಗಿತ್ತು. ಅವನಾದರೋ ಹೇಳದೆಯೇ ಹೋದ. ಮರೆಸಲು ಆರಿಸಿಕೊಂಡ ಹೆಸರನ್ನು ನೋಡಿದರೂ ಅವನ ಮನಸ್ಸು ತಿಳಿಯುತ್ತದೆ. ‘ಮುದ್ದಣ’ ಎಂಬುದು ಯಾವ ಪ್ರಾಚೀನನ ಹೆಸರೂ ಅಲ್ಲ, ಬಾಲ್ಯದಲ್ಲಿ ಮನೆಯವರು ಅವನನ್ನು ಕರೆಯುತ್ತಿದ್ದ ಮುದ್ದಿನ ಹೆಸರು. ಪೂರಾ ಅಡಗಬೇಕೆಂದಿದ್ದವನು ಮನೆಯ ಹೆಸರನ್ನೇ ಮುಸುಕಾಗಿ ಹೊದೆಯುತ್ತಿರಲಿಲ್ಲ. ಕರೆಯಬಲ್ಲವರು ಎಲ್ಲಿಯಾದರೂ ಇದ್ದರೆ ಕರೆಯಲಿ ಎಂದು ಅಂಚನ್ನು ಹೊರಗೆ ಬಿಟ್ಟಂತಿದೆ.

ರಾಮಾಶ್ವಮೇಧದಲ್ಲಿ ಆ ಅಂಚು ಇನ್ನೂ ಹೆಚ್ಚಾಗಿ ಕಾಣುತ್ತದೆ. ಮಳೆಗಾಲದಲ್ಲಿ ಮನೆಗೆ ಬಂದ ಕವಿ, ಕಥೆ ಹೇಳೆಂದು ಹಟ ಹಿಡಿಯುವ ಮನೋರಮೆ, ಪದ್ಯ ಬೇಡ ಗದ್ಯವಾಗಲಿ ಎಂಬ ಅವಳ ತೀರ್ಪು, ಸಂಸ್ಕೃತದ ಬಿಗುವಿಗೆ ಅವಳ ಆಕ್ಷೇಪ, ಮಾತುಮಾತಿಗೆ ಗಂಡನನ್ನು ಕೆಣಕುವ ಅವಳ ಚುರುಕು—ಇವು ಯಾವ ಓಲೆಗರಿಯ ಕಾಲದವು? ಪದ್ಮಪುರಾಣದ ಕಥೆಗೆ ಹಳಗನ್ನಡದ ಉಡುಪು ತೊಡಿಸಿದ್ದರೂ ಆ ಇಬ್ಬರ ಸಲ್ಲಾಪದ ಉಸಿರು ಅಂದಿನ ಉಡುಪಿಯದು. ಮುಂದೆ ಇದೇ ಸಲ್ಲಾಪದ ಕಾರಣದಿಂದ ಮುದ್ದಣನನ್ನು ಹೊಸಗನ್ನಡದ ಮುಂಗೋಳಿಯೆಂದು ಕರೆದರು. ತಾಳಮದ್ದಳೆಯಲ್ಲಿ ಕಿವಿ ಪಳಗಿದವರು ಈ ಸಂವಾದದಲ್ಲಿ ಎದುರುಬದುರು ಕುಳಿತ ಇಬ್ಬರು ಅರ್ಥಧಾರಿಗಳನ್ನು ಗುರುತಿಸಬಹುದು: ಒಬ್ಬರು ಪ್ರಸ್ತಾಪಿಸುವುದು, ಇನ್ನೊಬ್ಬರು ತಡೆಯುವುದು, ಮರ್ಯಾದೆಯ ಗೆರೆಯೊಳಗೆ ನಿಂತು ಚುಚ್ಚುವುದು. ಮೈಸೂರಿನ ಸಭೆಯಲ್ಲಿ ತನ್ನನ್ನು ಪ್ರಶ್ನಿಸಿ ಮೆಚ್ಚುವ ಸಹೃದಯನಿಲ್ಲವೆಂದು ತಿಳಿದೇ ಆ ಸ್ಥಾನಕ್ಕೆ ಮನೋರಮೆಯನ್ನು ಗ್ರಂಥದೊಳಗೆ ಕುಳ್ಳಿರಿಸಿದನೆನ್ನಬಹುದು.

ಮುದ್ದಣ ಕ್ಷಯರೋಗದಿಂದ ೧೯೦೧ರಲ್ಲಿ ತೀರಿಕೊಂಡ; ಆಗ ಮೂವತ್ತೊಂದು ವರ್ಷ. ಕೃತಿಗಳು ಅವನವೇ ಎಂಬುದು ಲೋಕಕ್ಕೆ ಸ್ಥಿರಪಟ್ಟಿದ್ದು ಆ ಬಳಿಕ, ಅವನನ್ನು ಬಲ್ಲವರ ನೆನಪಿನಿಂದಲೂ ಕೃತಿಗಳ ಪರಿಶೀಲನೆಯಿಂದಲೂ. ಸಂಪಾದಕರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವರು ಕೃತಿಯ ಗುಣವನ್ನು ಕಂಡರು, ಅಚ್ಚು ಮಾಡಿದರು; ಅವರಿಲ್ಲದಿದ್ದರೆ ಅವು ಉಡುಪಿಯ ಯಾವುದೋ ಅಟ್ಟದಲ್ಲಿ ಗೆದ್ದಲಿನ ಪಾಲಾಗುತ್ತಿದ್ದವೇನೋ. ಆದರೆ ಹೊಗಳಿಕೆಯನ್ನು ಹೊತ್ತು ತಂದು ಅವನ ಮನೆಯ ಜಗಲಿಗೆ ಮುಟ್ಟಿಸುವ ಮಧ್ಯವರ್ತಿಯೊಬ್ಬ ಇರಲಿಲ್ಲ.

ಅದೇ ಕಾಲಕ್ಕೆ ಮಂಗಳೂರಿನಲ್ಲಿ ನಡೆದುದನ್ನು ಇದರೊಡನೆ ಇಟ್ಟು ನೋಡಬೇಕು. ಬೆನಗಲ್ ರಾಮರಾಯರು ೧೯೦೦ರಲ್ಲಿ ‘ಸುವಾಸಿನಿ’ಯನ್ನು ಆರಂಭಿಸಿದಾಗ ಪಂಜೆ ಮಂಗೇಶರಾಯರು ಅದರಲ್ಲಿ ರಾ. ಮ. ಪಂ. ಎಂದೂ ಹರಟೆಮಲ್ಲನೆಂದೂ ಸಹಿ ಹಾಕಿ ಬರೆದರು. ‘ಕವಿಶಿಷ್ಯ’ ಎಂಬುದೂ ಅವರದೇ ಹೆಸರು. ಅಕ್ಷರಗಳನ್ನು ತಿರುಗಿಸಿ ಓದಿದರೆ ಪಂಜೆ ಮಂಗೇಶರಾಯರು ಸಿಕ್ಕಿಬೀಳುವಂತಹ ಮುಸುಕು ಅದು! ಸಂಪಾದಕರೂ ಲೇಖಕರೂ ಆಪ್ತರು. ಸಣ್ಣಕಥೆಯೆಂಬ ಹೊಸ ಬಗೆಯನ್ನು ಹೆಸರಿನ ಹಂಗಿಲ್ಲದೆ ಮಾಡಿ ನೋಡುವ ಸ್ವಾತಂತ್ರ್ಯ ಪಂಜೆಯವರಿಗೆ ಅದರಿಂದ ಒದಗಿತು, ಮಾಡಿದ್ದರ ಶ್ರೇಯಸ್ಸೂ ಜೀವಿತಕಾಲದಲ್ಲೇ ಅವರ ಕೈಸೇರಿತು. ೧೯೩೪ರ ರಾಯಚೂರು ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಮುಸುಕು ಇಬ್ಬರದೂ ಒಂದೇ; ಒಬ್ಬನ ಮುಸುಕಿಗೆ ಸಾಕ್ಷಿಯಿತ್ತು, ಇನ್ನೊಬ್ಬನದಕ್ಕೆ ಇರಲಿಲ್ಲ.

ಬ್ಯಾಂಕುಗಳಲ್ಲಿ ಒಂದು ಕಾಲಕ್ಕೆ ಹೊಸ ಖಾತೆ ತೆರೆಯುವವನಿಗೆ ಹಳೆಯ ಖಾತೆದಾರನೊಬ್ಬನು ಪರಿಚಯದ ರುಜು ಹಾಕಬೇಕಾಗಿತ್ತು. ಗುರುತಿನ ಚೀಟಿಗಳು ಬಂದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಹವ್ಯಾಸಿಗಳ ಸಭೆಯಲ್ಲಿ ಅದಕ್ಕೆ ಬದಲಿ ಇನ್ನೂ ಸಿಕ್ಕಿಲ್ಲ. ಕನ್ನಡ ಸಂಘಗಳ ಕಥಾಸ್ಪರ್ಧೆ, ಕವನಸ್ಪರ್ಧೆಗಳಲ್ಲಿ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಕಳುಹಿಸಬೇಕೆಂಬ ನಿಯಮವಿರುತ್ತದೆ. ತೀರ್ಪುಗಾರರಿಗೆ ಹೆಸರು ತಿಳಿಯಕೂಡದು, ಆದರೆ ಕಾರ್ಯದರ್ಶಿಯ ಲಕೋಟೆಯಲ್ಲಿ ಅದು ಭದ್ರವಾಗಿರಬೇಕು ಎಂಬುದು ಅದರ ಹುರುಳು. ಸೈರಂಧ್ರಿ ಹಿಡಿದ ಪಾತ್ರೆಗೂ ಈ ಲಕೋಟೆಗೂ ಇರುವ ನಂಟು ದೂರದ್ದಲ್ಲ. ಹೊಸಬನು ಹೆಸರು ಹೇಳಲೊಲ್ಲೆನೆಂದರೆ ಸಭೆ ಅವನನ್ನು ಒತ್ತಾಯಿಸಬೇಕಾದುದಿಲ್ಲ, ಶಂಕಿಸಬೇಕಾದುದೂ ಇಲ್ಲ. ಹೆಸರನ್ನು ಬಲ್ಲ ಒಬ್ಬ ಹಿರಿಯನು ಸಭೆಯೊಳಗೆ ಇದ್ದಾನೆಯೇ ಎಂಬುದನ್ನು ಮಾತ್ರ ಅದು ನೋಡಿಕೊಳ್ಳಬೇಕಾಗುತ್ತದೆ.

ಮುದ್ದಣನು ತನ್ನ ಕೊನೆಯ ವರ್ಷಗಳಲ್ಲಿ ಹಳೆಯ ಕವಿಯ ವೇಷವನ್ನು ಕಳಚಿ ‘ಗೋದಾವರಿ’ ಎಂಬ ಕಾದಂಬರಿಯನ್ನು ಬರೆಯತೊಡಗಿದ್ದನೆಂದು ತಿಳಿದುಬರುತ್ತದೆ. ಕಾದಂಬರಿಯನ್ನು ಓಲೆಗರಿಯ ಕಾಲದ್ದೆಂದು ಯಾರೂ ನಂಬುತ್ತಿರಲಿಲ್ಲವಾದುದರಿಂದ ಅಲ್ಲಿ ಅವನು ಬದುಕಿರುವ ಲೇಖಕನಾಗಿಯೇ ಬರಬೇಕಾಗಿತ್ತು. ಅದರ ಪ್ರತಿ ಇಂದು ಲಭ್ಯವಿಲ್ಲ.