ಹೊಟ್ಟೆಗೊಂದು ಕಿಂಡಿ

ಊಟದ ಹೊತ್ತಿನಲ್ಲಿ ಜಗಳ ತೆಗೆಯಕೂಡದೆಂಬುದು ನಮ್ಮ ಮನೆಯಲ್ಲಿ ಅಜ್ಜಿಯ ಕಟ್ಟಪ್ಪಣೆಯಾಗಿತ್ತು. ಸಿಟ್ಟಿನಲ್ಲಿ ಉಂಡದ್ದು ಮೈಗೆ ಹತ್ತದು ಎನ್ನುತ್ತಿದ್ದರು. ಗಬಗಬನೆ ನುಂಗಬೇಡ, ಹೊಟ್ಟೆ ಬಿರಿಯುವಂತೆ ತಿನ್ನಬೇಡ, ಉಂಡ ಮೇಲೆ ನೂರು ಹೆಜ್ಜೆ ನಡೆ—ಇವು ಅದೇ ಕಾನೂನಿನ ಉಳಿದ ಕಲಮುಗಳು. ವಾಗ್ಭಟನ ಹೆಸರನ್ನು ಅವರು ಕೇಳಿದ್ದರೋ ಇಲ್ಲವೋ. ಹೊಟ್ಟೆಯಲ್ಲಿ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ನಾಲ್ಕನೆಯದು ಗಾಳಿಗೆ ಎಂಬ ಆತನ ಲೆಕ್ಕ ಮಾತ್ರ ಅವರ ಸೌಟಿಗೆ ಚೆನ್ನಾಗಿ ತಿಳಿದಿತ್ತು. ಆಗತಾನೆ ಕಾಲೇಜು ಸೇರಿದ್ದ ನಾನು, “ಒಳಗೆ ಹೋಗಿ ನೋಡಿ ಬಂದವರು ಯಾರಜ್ಜಿ?” ಎಂದು ಕೇಳಿದ್ದುಂಟು. ನೋಡಿದವನೊಬ್ಬನಿದ್ದನೆಂದು ನನಗೆ ಗೊತ್ತಾದದ್ದು ಅಜ್ಜಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

ಅಮೆರಿಕದ ಹ್ಯೂರನ್ ಸರೋವರದಲ್ಲಿ ಮ್ಯಾಕಿನಾ ಎಂಬ ದ್ವೀಪವಿದೆ. ೧೮೨೨ರ ಜೂನ್ ೬ರಂದು ಅಲ್ಲಿಯ ತುಪ್ಪಳದ ವ್ಯಾಪಾರದ ಅಂಗಡಿಯೊಂದರಲ್ಲಿ ಯಾರದೋ ಕೈಯಲ್ಲಿದ್ದ ಬಂದೂಕು ಅಕಸ್ಮಾತ್ತಾಗಿ ಹಾರಿತು. ಎದುರಿಗಿದ್ದವನು ಅಲೆಕ್ಸಿ ಸೇಂಟ್ ಮಾರ್ಟಿನ್. ಕೆನಡದ ಫ್ರೆಂಚ್ ಮನೆತನದ, ಸುಮಾರು ಇಪ್ಪತ್ತು ವರ್ಷದ ದೋಣಿಯಾಳು. ಗುಂಡಿನೇಟಿಗೆ ಎಡಪಕ್ಕೆ ಹರಿದು, ಜಠರ ತೂತಾಗಿ, ಬೆಳಿಗ್ಗೆ ತಿಂದದ್ದು ಗಾಯದಿಂದ ಹೊರಬಂದಿತ್ತು. ಓಡಿಬಂದವನು ಅಲ್ಲಿಯ ಕೋಟೆಯ ಸೈನ್ಯದ ವೈದ್ಯ ವಿಲಿಯಂ ಬೋಮಂಟ್. ವೈದ್ಯವನ್ನು ಕಾಲೇಜಿನಲ್ಲಿ ಓದಿದವನಲ್ಲ, ಹಿರಿಯ ವೈದ್ಯನೊಬ್ಬನ ಕೈಕೆಳಗೆ ಕಲಿತವನು. ಗಾಯಾಳು ಉಳಿಯುವ ಆಸೆ ಅವನಿಗಿರಲಿಲ್ಲ. ಆದರೆ ಹುಡುಗ ಉಳಿದ. ಗಾಯ ಮಾಯಿತು, ತೂತು ಮಾತ್ರ ಮುಚ್ಚಲಿಲ್ಲ. ಒಳಗಿನಿಂದ ಬೆಳೆದ ಚರ್ಮದ ಪದರವೊಂದು ಅದಕ್ಕೆ ಬಾಗಿಲಾಯಿತು. ಬೆರಳಿನಿಂದ ಅದನ್ನೊತ್ತಿದರೆ ಜೀವಂತ ಮನುಷ್ಯನ ಜಠರ ಕಾಣುತ್ತಿತ್ತು!

ಉಂಡ ಅನ್ನ ಒಳಗೆ ಏನಾಗುತ್ತದೆಂಬ ಬಗ್ಗೆ ಪಂಡಿತರಲ್ಲಿ ಆಗ ಒಮ್ಮತವಿರಲಿಲ್ಲ. ಬೇಯುತ್ತದೆ, ಅರೆಯಲ್ಪಡುತ್ತದೆ, ಕೊಳೆಯುತ್ತದೆ, ಕರಗುತ್ತದೆ ಎಂದು ಬಣಗಳು. ೧೮೨೫ರ ಆಗಸ್ಟ್ ೧ರ ನಡುಹಗಲು ಬೋಮಂಟ್, ಮಾಂಸದ ಚೂರುಗಳು, ತಂಗಳು ರೊಟ್ಟಿ, ಹಸಿ ಎಲೆಕೋಸು ಇವನ್ನು ರೇಷ್ಮೆದಾರಕ್ಕೆ ಕಟ್ಟಿ ಕಿಂಡಿಯೊಳಕ್ಕೆ ಇಳಿಬಿಟ್ಟ. ಗಂಟೆಗೊಮ್ಮೆ ದಾರವನ್ನೆಳೆದು ನೋಡುವುದು. ಮೊದಲ ಗಂಟೆಗೆ ಕೋಸೂ ರೊಟ್ಟಿಯೂ ಅರ್ಧ ಕರಗಿದ್ದವು, ಮಾಂಸ ಹಾಗೆಯೇ ಇತ್ತು. ಸಂಜೆಯ ಹೊತ್ತಿಗೆ ಅಲೆಕ್ಸಿಗೆ ಹೊಟ್ಟೆನೋವು, ತಲೆನೋವು. ಮುಂದೆ ಬೋಮಂಟ್ ಜಠರದ ರಸವನ್ನೇ ಸೀಸೆಗೆ ತೆಗೆದು, ಮೈಯಷ್ಟೇ ಬಿಸಿಯಲ್ಲಿಟ್ಟು, ಅದರಲ್ಲಿ ಮಾಂಸದ ತುಂಡನ್ನು ಹಾಕಿದ. ಹೊಟ್ಟೆಯ ಹೊರಗೂ ಅದು ಕರಗಿತು, ನಿಧಾನವಾಗಿಯಾದರೂ. ನಮ್ಮವರು ಜಠರಾಗ್ನಿಯೆಂದು ಕರೆದದ್ದು ಇಲ್ಲಿ ಒಂದು ಹುಳಿನೀರಾಗಿ ಸೀಸೆಯಲ್ಲಿ ಕುಳಿತಿತ್ತು.

ಇನ್ನೂರಕ್ಕೂ ಹೆಚ್ಚು ಪ್ರಯೋಗಗಳ ವಿವರವನ್ನು ಅವನು ೧೮೩೩ರಲ್ಲಿ ಪುಸ್ತಕವಾಗಿ ಅಚ್ಚುಹಾಕಿಸಿದ. ಯಾವ ಪದಾರ್ಥ ಎಷ್ಟು ಹೊತ್ತಿಗೆ ಜಠರದಲ್ಲಿ ಕರಗುತ್ತದೆಂಬ ಪಟ್ಟಿ ಅದರಲ್ಲಿದೆ. ಬೇಯಿಸಿದ ಅಕ್ಕಿಗೆ ಒಂದು ಗಂಟೆ, ಕಾಸಿದ ಹಾಲಿಗೆ ಎರಡು, ಬೇಯಿಸಿದ ಆಲೂಗಡ್ಡೆಗೆ ಮೂರೂವರೆ, ಹುರಿದ ಹಂದಿಮಾಂಸಕ್ಕೆ ಐದೂಕಾಲು. ಅನ್ನದ ಜನರಾದ ನಾವು ಹಿಗ್ಗಬಹುದು. ಆದರೆ ಇದು ಒಬ್ಬನೇ ಮನುಷ್ಯನ, ತೂತುಬಿದ್ದ ಜಠರದ ಲೆಕ್ಕ. ಪಚನದ ಬಹುಪಾಲು ನಡೆಯುವುದು ಜಠರವನ್ನು ದಾಟಿ, ಸಣ್ಣಕರುಳಿನಲ್ಲಿ. ಅದು ಈ ಕಿಂಡಿಗೆ ಕಾಣುವಂಥದಲ್ಲ.

ಪಟ್ಟಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತುಗಳು. ಚೂರು ಸಣ್ಣದಾದಷ್ಟೂ ಬೇಗ ಕರಗುತ್ತದೆ. ಅಂದರೆ ಅಗಿದು ತಿನ್ನಬೇಕು. ಜಠರದ ರಸಕ್ಕೊಂದು ಮಿತಿಯಿದೆ. ಮಿತಿಮೀರಿ ತುಂಬಿದ್ದು ಕರಗದೆ ಕೂರುತ್ತದೆ. ಉಂಡ ಮೇಲೆ ಹಗುರವಾದ ನಡಿಗೆ ಒಳ್ಳೆಯದು, ಮೈಮುರಿಯುವ ದುಡಿಮೆ ಕೆಟ್ಟದ್ದು. ಕೆಲವು ದಿನ ಹೆಂಡ ಕುಡಿದಾಗ ಜಠರದ ಒಳಮೈ ಕೆಂಪೇರಿ ಹುಣ್ಣಾದಂತಿತ್ತು, ಕುಡಿದವನಿಗೆ ಮಾತ್ರ ನೋವೇ ತಿಳಿಯಲಿಲ್ಲ. ಆರೋಗ್ಯವಂತನಿಗೆ ಮಸಾಲೆ ಬೇಡವೆಂದೂ ಅವನು ಬರೆದಿದ್ದಾನೆ. ಪಾಪ, ನಮ್ಮ ಮೆಣಸಿನ ಸಾರನ್ನು ಉಂಡವನಲ್ಲ.

ಇನ್ನು ಸಿಟ್ಟು. ಅಲೆಕ್ಸಿ ಕೋಪಗೊಂಡಾಗ ಜಠರದಲ್ಲಿ ಪಿತ್ತ ಕಾಣಿಸಿಕೊಂಡದ್ದನ್ನೂ, ಪಚನ ತಡವಾದದ್ದನ್ನೂ ಬೋಮಂಟ್ ಗುರುತುಹಾಕಿದ. ಅಜ್ಜಿ ಗೆದ್ದರು ಎಂದುಕೊಂಡೆ. ಆದರೆ ಅವನಿಗೆ ಸಿಟ್ಟು ಬಂದದ್ದೇಕೆ? ಉಪವಾಸ ಕೆಡವಿ, ಗಂಟೆಗಟ್ಟಲೆ ಮಲಗಿಸಿ, ಹೊಟ್ಟೆಯೊಳಕ್ಕೆ ನಳಿಗೆಯಿಳಿಸಿ ರಸ ತೆಗೆಯುತ್ತಿದ್ದರೆ ಯಾರಿಗೆ ಬಾರದು? ಪ್ರಯೋಗದ ನಡುವೆಯೇ ಅವನು ತಾಳ್ಮೆಗೆಟ್ಟನೆಂದು ಬೋಮಂಟನ ಟಿಪ್ಪಣಿಯೇ ಹೇಳುತ್ತದೆ. ಅಜ್ಜಿಯ ಮಾತಿಗೆ ನಾನು ಕೇಳಿದ್ದ ಸಾಕ್ಷಿ ದೊರಕಿದ್ದು ಹೀಗೆ.

ಬೋಮಂಟ್ ಕಟುಕನೇನಲ್ಲ. ಅನಾಥನಂತಿದ್ದವನಿಗೆ ಮನೆಯಲ್ಲಿ ಇಂಬುಕೊಟ್ಟ, ಬಹುಕಾಲ ಆರೈಕೆ ಮಾಡಿದ. ಮನೆಯ ಚಾಕರಿಯನ್ನೂ ಮಾಡಿಸಿಕೊಂಡ. ೧೮೨೫ರಲ್ಲಿ ಅಲೆಕ್ಸಿ ಹೇಳದೆ ಕೇಳದೆ ಕೆನಡಕ್ಕೆ ಹೊರಟುಹೋದ, ಮದುವೆಯಾದ. ೧೮೨೯ರಲ್ಲಿ ಹೆಂಡತಿಮಕ್ಕಳೊಡನೆ ಮರಳಿ ಬಂದ. ಹಗಲೆಲ್ಲ ಸೌದೆ ಒಡೆದು, ಭಾರ ಹೊತ್ತು ದುಡಿಯುತ್ತಿದ್ದವನ ಹೊಟ್ಟೆ ಅದು. ೧೮೩೨ರಲ್ಲಿ ಕರಾರುಪತ್ರವೂ ಆಯಿತು: ಊಟ ವಸತಿಯಲ್ಲದೆ ವರ್ಷಕ್ಕೆ ೧೫೦ ಡಾಲರು. ೧೮೩೪ರಲ್ಲಿ ಮತ್ತೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಬೋಮಂಟ್ ಕಾಗದದ ಮೇಲೆ ಕಾಗದ ಬರೆದ, ಹಣದ ಆಸೆ ತೋರಿಸಿದ, ಸಾಗಲಿಲ್ಲ. ೧೮೫೩ರಲ್ಲಿ, ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿಬಿದ್ದದ್ದೇ ನೆಪವಾಗಿ, ವೈದ್ಯ ತೀರಿಕೊಂಡ.

ಕಿಂಡಿಯ ಹೊಟ್ಟೆಯವನು ಅವನಿಗಿಂತ ೨೭ ವರ್ಷ ಹೆಚ್ಚು ಬಾಳಿದ. ೧೮೮೦ರ ಜೂನಿನಲ್ಲಿ ಅಲೆಕ್ಸಿ ಸತ್ತಾಗ ಅವನ ಜಠರವನ್ನು ಪಡೆಯಬೇಕೆಂದು ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಪ್ರಯತ್ನಪಟ್ಟ. ಮನೆಯವರು ಒಪ್ಪಲಿಲ್ಲ. ವೈದ್ಯರಿಗೆ ಉಪಯೋಗವಾಗದ ಹಾಗೆ ಹೆಣವನ್ನು ಬೇಸಿಗೆಯ ಬಿಸಿಲಲ್ಲಿ ಕೊಳೆಯಲು ಬಿಟ್ಟು, ಆ ಮೇಲೆ ಎಂಟು ಅಡಿ ಆಳದ ಗುಂಡಿ ತೋಡಿ ಮುಚ್ಚಿದರು.