ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್ ಮೂಳೆ ಸೋಂಕು

ಮುರಿದ ಮೂಳೆಯನ್ನು ಪ್ಲೇಟು, ಸ್ಕ್ರೂ ಅಥವಾ ರಾಡು ಹಾಕಿ ಜೋಡಿಸಿದ ಶಸ್ತ್ರಚಿಕಿತ್ಸೆಯ ಬಳಿಕ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್ ಎಂಬ ಬ್ಯಾಕ್ಟೀರಿಯದಿಂದ ಅಪರೂಪಕ್ಕೆ ಉಂಟಾಗುವ ದೀರ್ಘಕಾಲಿಕ ಸೋಂಕು. ಇಂಥ ಶಸ್ತ್ರಚಿಕಿತ್ಸೆಯ ನಂತರದ ಸೋಂಕುಗಳಿಗೆ ಹೆಚ್ಚಾಗಿ ಕಾರಣವಾಗುವುದು ಸ್ಟ್ಯಾಫಿಲೊಕಾಕಸ್ ಆರಿಯಸ್. ಫಾರ್ಚುಯಿಟಮ್ ಕ್ಷಯದ ಬ್ಯಾಕ್ಟೀರಿಯದ ಕುಲಕ್ಕೇ ಸೇರಿದ್ದರೂ ಅದರ ವಾಸ ಮಣ್ಣು ಮತ್ತು ನಲ್ಲಿನೀರಿನಲ್ಲಿ. 1905ರಲ್ಲಿ ಕಪ್ಪೆಗಳಲ್ಲಿ ಗುರುತಿಸಲಾದ ಇದಕ್ಕೆ ಈಗಿನ ಹೆಸರು ಬಂದದ್ದು 1938ರಲ್ಲಿ.

ಮಣ್ಣು ಮೆತ್ತಿದ ತೆರೆದ ಗಾಯ, ಸರಿಯಾಗಿ ಕ್ರಿಮಿಶುದ್ಧಿಯಾಗದ ಉಪಕರಣ ಅಥವಾ ಕಲುಷಿತ ನೀರಿನ ಮೂಲಕ ಒಳಸೇರಿ, ಲೋಹದ ಮೇಲೆ ಲೋಳೆಪದರ ಕಟ್ಟಿಕೊಂಡು ನೆಲೆಸುತ್ತದೆ. ವಾರಗಳು ಇಲ್ಲವೇ ತಿಂಗಳುಗಳ ನಂತರ ಹೊಲಿಗೆಯ ಜಾಗ ಊದಿ, ತೆಳುವಾದ ಕೀವು ಒಸರುತ್ತದೆ. ಜ್ವರ ಇರದೆಯೂ ಇರಬಹುದು. ಬೆಳೆಯಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕಾಗುವುದರಿಂದ, ಮಾಮೂಲಿ ಕಲ್ಚರ್ ಪರೀಕ್ಷೆಯನ್ನು ಬೇಗ ಮುಗಿಸಿದರೆ ತಪ್ಪಿಹೋಗುತ್ತದೆ. ಕ್ಷಯದ ಬ್ಯಾಕ್ಟೀರಿಯದಂತೆಯೇ ಆಸಿಡ್-ಫಾಸ್ಟ್ ಬಣ್ಣ ಹಿಡಿಯುವುದರಿಂದ ಕ್ಷಯವೆಂದು ಭಾವಿಸುವ ಸಂಭವವೂ ಉಂಟು. ಇದು ಸಣ್ಣ ತಪ್ಪಲ್ಲ: ಐಸೊನಿಯಾಜಿಡ್, ರಿಫಾಂಪಿಸಿನ್ ಮುಂತಾದ ಕ್ಷಯದ ಮುಖ್ಯ ಔಷಧಿಗಳಿಗೆ ಈ ಬ್ಯಾಕ್ಟೀರಿಯ ಜಗ್ಗುವುದಿಲ್ಲ.

ಸತ್ತ ಮೂಳೆಯನ್ನು ಕೆರೆದು ತೆಗೆದು, ಸಾಧ್ಯವಾದಲ್ಲಿ ಲೋಹವನ್ನೂ ಹೊರತೆಗೆದು, ಪರೀಕ್ಷೆಯಲ್ಲಿ ಪರಿಣಾಮಕಾರಿ ಎಂದು ಕಂಡ ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಕನಿಷ್ಠ ಎರಡು ಔಷಧಿಗಳನ್ನು ಒಟ್ಟಿಗೆ ಕೊಡುವುದು ಚಿಕಿತ್ಸಾಕ್ರಮ. ಔಷಧಿಯನ್ನು ಸಾಮಾನ್ಯವಾಗಿ 6 ತಿಂಗಳು ಮುಂದುವರಿಸಲಾಗುತ್ತದೆ.