ಕೆಂಟಕಿಯ ವ್ಯಸನಕ್ಷೇತ್ರ

ಅಮೆರಿಕದ ಕೆಂಟಕಿ ಪ್ರಾಂತವು ಹಸುರು ಹುಲ್ಲುಗಾವಲುಗಳಿಗೂ ಉತ್ತಮ ಜಾತಿಯ ಕುದುರೆಗಳಿಗೂ ಹೆಸರಾದ ಸೀಮೆ. ಆ ಪ್ರಾಂತದ ಲೆಕ್ಸಿಂಗ್‌ಟನ್ ಪಟ್ಟಣದ ಹೊರವಲಯದಲ್ಲಿ, ಸುಮಾರು ಸಾವಿರ ಎಕರೆ ಭೂಮಿಯ ನಡುವೆ, 1935ನೆಯ ಇಸವಿಯ ಮೇ ತಿಂಗಳಿನಲ್ಲಿ ಒಂದು ಅಪೂರ್ವ ಸಂಸ್ಥೆಯು ಪ್ರಾರಂಭವಾಯಿತು. ನೋಡಿದವರಿಗೆ ಅದು ಒಂದು ಮಗ್ಗುಲಿನಿಂದ ಆಸ್ಪತ್ರೆಯಾಗಿಯೂ, ಇನ್ನೊಂದು ಮಗ್ಗುಲಿನಿಂದ ಸೆರೆಮನೆಯಾಗಿಯೂ, ಮತ್ತೊಂದರಿಂದ ದೊಡ್ಡ ಕೃಷಿಕ್ಷೇತ್ರವಾಗಿಯೂ ಕಾಣುತ್ತಿತ್ತು. ವಾಸ್ತವವಾಗಿ ಅದು ಈ ಮೂರೂ ಆಗಿತ್ತು. ಮಾರ್ಫಿನ್, ಹೆರಾಯಿನ್ ಮೊದಲಾದ ಅಫೀಮಿನ ವರ್ಗದ ಮದ್ದುಗಳಿಗೆ ದಾಸರಾದವರನ್ನು ಅಲ್ಲಿ ಇರಿಸಿಕೊಂಡು ಗುಣಪಡಿಸಬೇಕೆಂಬುದು ಸರ್ಕಾರದ ಸಂಕಲ್ಪ. ಜನ ಅದನ್ನು ‘ನಾರ್ಕಾಟಿಕ್ ಫಾರ್ಮ್’ ಎಂದು ಕರೆದರು. ವ್ಯಸನವು ಹೇಗೆ ಹುಟ್ಟುತ್ತದೆ, ಅದನ್ನು ಬಿಟ್ಟವನು ಏತಕ್ಕೆ ಮರಳಿ ಅದರ ಬಳಿಗೇ ಹೋಗುತ್ತಾನೆ ಎಂಬ ಪ್ರಶ್ನೆಗಳಿಗೆ ಇಪ್ಪತ್ತನೆಯ ಶತಮಾನವು ಕೊಟ್ಟ ಉತ್ತರಗಳಲ್ಲಿ ಗಣ್ಯವಾದ ಪಾಲು ಈ ಗೋಡೆಗಳೊಳಗೆ ರೂಪುಗೊಂಡಿತು; ಆ ಉತ್ತರಗಳ ಕೊರತೆಗೂ ಅವೇ ಗೋಡೆಗಳು ಕಾರಣವಾದವು.

ಇಂಥ ಸಂಸ್ಥೆಯೊಂದು ಬೇಕಾಗಿ ಬಂದುದೇಕೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಮಾರ್ಫಿನ್ ವ್ಯಸನಿಗಳಲ್ಲಿ ಅನೇಕರು, ನೋವಿಗೆಂದು ವೈದ್ಯನೇ ಕೊಟ್ಟ ಮದ್ದಿನಿಂದ ಚಟ ಹತ್ತಿಸಿಕೊಂಡ ಮಧ್ಯಮವರ್ಗದ ಗೃಹಿಣಿಯರು. ಅವರನ್ನು ಸಮಾಜವು ಕನಿಕರದಿಂದ ಕಂಡಿತೇ ಹೊರತು ಅಪರಾಧಿಗಳೆಂದು ಎಣಿಸಲಿಲ್ಲ. 1914ರ ಹ್ಯಾರಿಸನ್ ಕಾಯಿದೆಯೂ, ಕೇವಲ ಚಟವನ್ನು ಸಾಗಿಸಿಕೊಂಡು ಹೋಗಲೆಂದು ವೈದ್ಯನು ಮದ್ದು ಬರೆದುಕೊಡುವುದು ಕೂಡದೆಂದು 1919ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೂ ಸೇರಿ ಈ ಸ್ಥಿತಿಯನ್ನು ತಲೆಕೆಳಗು ಮಾಡಿದವು. ರೋಗಿಯಾಗಿದ್ದವನು ಕಾಳಸಂತೆಯ ಗಿರಾಕಿಯಾದನು. ಫೆಡರಲ್ ಸರ್ಕಾರದ ಸೆರೆಮನೆಗಳು ವ್ಯಸನಿಗಳಿಂದ ಕಿಕ್ಕಿರಿದವು. ಆ ಭಾರವನ್ನು ಇಳಿಸಲೆಂದು 1929ರ ಪೋರ್ಟರ್ ಕಾಯಿದೆಯು ಇಂಥ ಎರಡು ಕ್ಷೇತ್ರಗಳ ಸ್ಥಾಪನೆಗೆ ಅವಕಾಶವನ್ನು ಕಲ್ಪಿಸಿತು. ಲೆಕ್ಸಿಂಗ್‌ಟನ್ ಅವುಗಳಲ್ಲಿ ಮೊದಲನೆಯದು. ಎರಡನೆಯದು 1938ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ತೆರೆಯಿತು.

ಲೆಕ್ಸಿಂಗ್‌ಟನ್ನಿನ ಮೊದಲ ಮುಖ್ಯ ವೈದ್ಯಾಧಿಕಾರಿಯಾದ ಲಾರೆನ್ಸ್ ಕೋಲ್ಬ್, ತಾನು 1925ರಲ್ಲಿಯೇ ಪ್ರಕಟಿಸಿದ್ದ ಒಂದು ಸಿದ್ಧಾಂತವನ್ನು ಜೊತೆಗೆ ತಂದಿದ್ದನು. ವೈದ್ಯರ ಕೈಯಿಂದ ಆಕಸ್ಮಿಕವಾಗಿ ಚಟಕ್ಕೆ ಬಿದ್ದ ಕೆಲವರನ್ನು ಬಿಟ್ಟರೆ, ವ್ಯಸನಿಗಳಲ್ಲಿ ಬಹುಮಂದಿ ಮದ್ದನ್ನು ಮುಟ್ಟುವುದಕ್ಕೆ ಮುಂಚೆಯೇ ಮನಸ್ಸಿನ ಸಮತೋಲವಿಲ್ಲದವರು ಎಂಬುದು ಅದರ ಸಾರ. ದೋಷವು ವ್ಯಕ್ತಿತ್ವದಲ್ಲಿರುವುದಾದರೆ ಚಿಕಿತ್ಸೆಯೂ ವ್ಯಕ್ತಿತ್ವವನ್ನು ತಿದ್ದುವಂಥದಾಗಬೇಕಷ್ಟೆ. ಆದಕಾರಣ ಅಲ್ಲಿ ಹಸು ಕರೆಯುವುದು, ಕೋಳಿ ಸಾಕುವುದು, ತರಕಾರಿ ಬೆಳೆಯುವುದು, ಬಡಗಿಯ ಕೆಲಸ, ಹೊಲಿಗೆ, ಇವೆಲ್ಲ ಔಷಧೋಪಚಾರದ ಅಂಗಗಳಾದವು. ಶಿಕ್ಷೆಗೊಳಗಾದ ಕೈದಿಗಳೂ, ತಾವಾಗಿಯೇ ಬಂದು ಸೇರಿದ ಸ್ವಯಂಪ್ರೇರಿತರೂ ಒಂದೇ ಸೂರಿನಡಿ ಇದ್ದರು. ಎರಡನೆಯವರು ಬೇಕೆಂದಾಗ ಹೊರಟುಹೋಗಬಹುದಾಗಿತ್ತು, ಅನೇಕರು ಚಿಕಿತ್ಸೆ ಮುಗಿಯುವ ಮುನ್ನವೇ ಹೊರಟುಹೋಗುತ್ತಲೂ ಇದ್ದರು. ಸಾನಿ ರಾಲಿನ್ಸ್, ಚೆಟ್ ಬೇಕರ್ ಮುಂತಾದ ಜಾಜ್ ಸಂಗೀತಗಾರರೂ ಆ ದ್ವಾರವನ್ನು ಹೊಕ್ಕವರೇ. ಆದರೆ ಕಾಯಿದೆಯೆಂಬ ಜರಡಿಯಲ್ಲಿ ಸೋಸಿಬಂದವರನ್ನೇ ದಿನವೂ ನೋಡುವ ವೈದ್ಯನಿಗೆ ವ್ಯಸನಿಯೆಂದರೆ ಕೆಟ್ಟ ಮನಸ್ಸಿನವನೆಂದು ತೋರುವುದು ಸಹಜ. ಮದ್ದನ್ನು ಮುಟ್ಟಿಯೂ ಚಟಕ್ಕೆ ಬೀಳದವರೂ, ಬಿದ್ದು ತಾವಾಗಿಯೇ ಎದ್ದವರೂ ಅಲ್ಲಿಗೆ ಏಕೆ ಬರುವರು?

ಸಂಸ್ಥೆಯ ಸಂಶೋಧನವಿಭಾಗವು ಮನಸ್ಸಿನಿಂದ ದೇಹದ ಕಡೆಗೆ ತಿರುಗಿತು. ಕ್ಲಿಫ್ಟನ್ ಹಿಮ್ಮೆಲ್ಸ್‌ಬ್ಯಾಕ್ ಎಂಬ ವೈದ್ಯನು ಮಾರ್ಫಿನ್ ತಪ್ಪಿದಾಗ ಬರುವ ಬಾಧೆಯನ್ನು ಆಕಳಿಕೆ, ಕಣ್ಣೀರು, ಸುರಿಯುವ ಮೂಗು, ಬೆವರು, ಮೈನವಿರು, ನಡುಕ, ವಾಂತಿ, ಜ್ವರ ಎಂದು ವಿಂಗಡಿಸಿ, ಒಂದೊಂದಕ್ಕೂ ಅಂಕವನ್ನು ಗೊತ್ತುಮಾಡಿ, ಅದುವರೆಗೆ ಬರಿಯ ವರ್ಣನೆಗೆ ವಿಷಯವಾಗಿದ್ದ ಸಂಕಟವನ್ನು ಅಳೆಯಬಹುದಾದ ವಸ್ತುವನ್ನಾಗಿ ಮಾಡಿದನು. ಚಟ ಹತ್ತಿಸದ ನೋವುನಿವಾರಕವನ್ನು ಹುಡುಕುತ್ತಿದ್ದ ರಸಾಯನಜ್ಞರಿಗೆ ಇದು ಒರೆಗಲ್ಲಾಯಿತು. ಮಾರ್ಫಿನ್ನಿಗೆ ಬದಲಾಗಿ ಹೊಸ ಮದ್ದನ್ನು ಕೊಟ್ಟಾಗ ಬಾಧೆ ತಲೆದೋರದಿದ್ದರೆ ಆ ಮದ್ದೂ ಮಾರ್ಫಿನ್ನಿನ ಬಳಗದ್ದೇ ಎಂದು ನಿಶ್ಚಯಿಸಬಹುದಾಗಿತ್ತು. ಮುಂದೆ ಅದೇ ವಿಭಾಗದ ಹ್ಯಾರಿಸ್ ಇಸ್‌ಬೆಲ್ಲನು ಹತ್ತು ಮಂದಿಗೆ ಮದ್ಯವನ್ನು ಕೊಟ್ಟು, ಅವರಲ್ಲಿ 48ರಿಂದ 87 ದಿನಗಳವರೆಗೆ ಕುಡಿದ ಆರು ಮಂದಿಗೆ ಥಟ್ಟನೆ ನಿಲ್ಲಿಸಿ ನೋಡಿದನು. ಕುಡುಕರಿಗೆ ಬರುವ ಸೆಳವಿಗೂ ಸನ್ನಿಗೂ ಪೋಷಣೆಯ ಕೊರತೆ ಕಾರಣವೆಂಬ ನಂಬಿಕೆಗೆ 1955ರ ಈ ವರದಿಯಿಂದ ಪೆಟ್ಟು ಬಿದ್ದಿತು. ಆ ಮಂದಿಗೆ ಆಹಾರದ ಅಭಾವವಿರಲಿಲ್ಲ, ನಿಂತುಹೋದದ್ದು ಮದ್ಯವೊಂದೇ.

ಹೀಗೆ ದೇಹದ ಬಾಧೆಯೇ ವ್ಯಸನದ ಮೂಲವೆಂದಾದರೆ, ಬಾಧೆ ತೀರಿದ ಮೇಲೆ ವ್ಯಸನವೂ ತೀರಬೇಕಾಗಿತ್ತು. ಆದರೆ 1952ರಿಂದ 1955ರವರೆಗೆ ಬಿಡುಗಡೆಯಾಗಿ ನ್ಯೂಯಾರ್ಕಿಗೆ ಮರಳಿದ ಸುಮಾರು 1,900 ಮಂದಿಯನ್ನು ಅನುಸರಿಸಿ ನೋಡಿದಾಗ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿಯೂ ಹೆಚ್ಚಿನವರು ಆರು ತಿಂಗಳೊಳಗಾಗಿ, ಮತ್ತೆ ಚಟಕ್ಕೆ ಬಿದ್ದಿದ್ದುದು ಕಂಡುಬಂದಿತು. ಈ ಒಗಟಿನ ಎಳೆಯನ್ನು ಅದಕ್ಕೆ ಮುಂಚೆಯೇ ಹಿಡಿದಿದ್ದವನು ಅದೇ ಸಂಸ್ಥೆಯ ಅಬ್ರಹಾಂ ವಿಕ್ಲರ್. ತಿಂಗಳುಗಟ್ಟಲೆ ಮದ್ದನ್ನು ಮುಟ್ಟದೆ ಇದ್ದವರು ಕೂಡಿ ಕುಳಿತು ಮದ್ದಿನ ಮಾತಾಡತೊಡಗಿದರೆ ಆಕಳಿಸುವುದನ್ನೂ, ಅವರ ಕಣ್ಣುಮೂಗುಗಳಲ್ಲಿ ನೀರು ಬರುವುದನ್ನೂ ಅವನು ಕಂಡಿದ್ದನು; ಊರಿಗೆ ಹಿಂದಿರುಗಿ ಹಳೆಯ ಬೀದಿಯಲ್ಲಿ ಕಾಲಿಟ್ಟೊಡನೆ ಮೈಯಲ್ಲಿ ಆ ಬಾಧೆಯೇ ಎದ್ದಿತೆಂಬುದನ್ನು ರೋಗಿಗಳ ಬಾಯಿಂದಲೇ ಕೇಳಿದ್ದನು. ಪಾವ್ಲೊವನ ನಾಯಿಗೆ ಗಂಟೆಯ ನಾದವು ಆಹಾರದ ಸೂಚನೆಯಾದಂತೆ, ಬೀದಿ, ಗೆಳೆಯ, ಸೂಜಿ ಇವು ವ್ಯಸನಿಯ ದೇಹಕ್ಕೆ ಬಾಧೆಯ ಸೂಚನೆಗಳಾಗುತ್ತವೆಂದು 1948ರಲ್ಲಿ ಅವನು ಪ್ರತಿಪಾದಿಸಿದನು. ಮದ್ದು ತಪ್ಪಿದ ಕಷ್ಟವನ್ನು ಒಂದು ಗೊತ್ತಾದ ಪಂಜರದಲ್ಲಿ ಅನುಭವಿಸಿದ ಇಲಿಗಳು, ಬಹುಕಾಲದ ಮೇಲೆ ಅಲ್ಲಿಗೆ ತಂದಾಗ ಮತ್ತೆ ಮೈ ಕೊಡವುವುದನ್ನು ಮುಂದೆ ಪೆಸ್ಕರ್ ಎಂಬ ಸಹೋದ್ಯೋಗಿಯೊಡನೆ ಅವನು ತೋರಿಸಿದನು. ಸ್ಥಳವನ್ನು ಮರೆತಿದ್ದ ಶಾಸ್ತ್ರದೊಳಕ್ಕೆ ಸ್ಥಳವು ಹೀಗೆ ಪ್ರವೇಶಿಸಿತು.

ಇದಕ್ಕೆ ದೊಡ್ಡ ಪ್ರಮಾಣದ ಸಾಕ್ಷ್ಯವು ಲೆಕ್ಸಿಂಗ್‌ಟನ್ನಿನಿಂದ ಬಹುದೂರದಲ್ಲಿ, ಯುದ್ಧದಿಂದ ದೊರೆಯಿತು. ವಿಯಟ್ನಾಮಿನಲ್ಲಿದ್ದ ಅಮೆರಿಕದ ಸಿಪಾಯಿಗಳು ಹೆರಾಯಿನ್ನಿಗೆ ಬಲಿಯಾಗುತ್ತಿದ್ದಾರೆಂಬ ಸುದ್ದಿಯಿಂದ ಸರ್ಕಾರವು ಗಾಬರಿಗೊಂಡಾಗ, 1971ರ ಸೆಪ್ಟೆಂಬರಿನಲ್ಲಿ ಮರಳಿದವರನ್ನು ಆರಿಸಿಕೊಂಡು ವಿಚಾರಿಸುವ ಕಾರ್ಯವನ್ನು ಲೀ ರಾಬಿನ್ಸ್ ಎಂಬ ವಿದುಷಿ ಕೈಗೊಂಡಳು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಲ್ಲಿ ಅಫೀಮನ್ನೋ ಹೆರಾಯಿನ್ನನ್ನೋ ಸೇವಿಸಿದ್ದರು. ಐದರಲ್ಲಿ ಒಂದು ಪಾಲು ಅದಕ್ಕೆ ದಾಸರಾಗಿದ್ದರು. ಆದರೆ ಹಾಗೆ ದಾಸರಾಗಿದ್ದವರಲ್ಲಿ ಮನೆಗೆ ಬಂದ ಮೊದಲ ವರ್ಷದಲ್ಲಿ ಮರಳಿ ಚಟಕ್ಕೆ ಬಿದ್ದವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಅದೂ ಬಹುಮಂದಿಗೆ ಚಿಕಿತ್ಸೆಯೇ ಇಲ್ಲದೆ. ಲೆಕ್ಸಿಂಗ್‌ಟನ್ನಿನಲ್ಲಿ ನೂರಕ್ಕೆ ತೊಂಬತ್ತು, ಇಲ್ಲಿ ನೂರಕ್ಕೆ ಐದು! ಮದ್ದು ಅದೇ ಬಳಗದ್ದು, ಮನುಷ್ಯದೇಹವೂ ಅದೇ. ಭೇದವಿದ್ದದ್ದು ಲೆಕ್ಕಕ್ಕೆ ಬಂದವರಲ್ಲಿ, ಮತ್ತು ಅವರು ಮರಳಿ ಹೋದ ತಾಣದಲ್ಲಿ. ಲೆಕ್ಸಿಂಗ್‌ಟನ್ನಿನವನು ಚಟ ಹತ್ತಿದ ಬೀದಿಗೇ ಮರಳಿದನು. ಸಿಪಾಯಿಯಾದರೋ ಆ ನೆಲವನ್ನು ಸಮುದ್ರದಾಚೆ ಬಿಟ್ಟುಬಂದನು.

1970ರ ದಶಕದಲ್ಲಿ ಕ್ಷೇತ್ರದ ಕಥೆ ಮುಗಿಯಿತು. ಪ್ರಯೋಗಕ್ಕೆ ಒಪ್ಪಿದ ಕೈದಿಗಳಿಗೆ ಪ್ರತಿಫಲವಾಗಿ ಮಾದಕವಸ್ತುವನ್ನೇ ಕೊಡಲಾಗುತ್ತಿದ್ದುದೂ, ಇಸ್‌ಬೆಲ್ಲನು ನಡೆಸಿದ ಎಲ್‌ಎಸ್‌ಡಿ ಪ್ರಯೋಗಗಳ ಹಿಂದೆ ಗೂಢಚಾರ ಇಲಾಖೆಯಾದ ಸಿಐಎಯ ಹಣವಿದ್ದುದೂ 1975ರಲ್ಲಿ ಸೆನೆಟ್ಟಿನ ವಿಚಾರಣೆಯ ಮುಂದೆ ಬಂದವು. ಮದ್ದಿಗಾಗಿ ಹಂಬಲಿಸುವವನಿಗೆ ಮದ್ದನ್ನೇ ಒಡ್ಡಿ ಪಡೆದ ಸಮ್ಮತಿಯು ಸಮ್ಮತಿಯೆನಿಸುವುದೆಂತು? ಅದಾಗಲೇ 1974ರಲ್ಲಿ ಕಟ್ಟಡಗಳು ಸೆರೆಮನೆಯ ಇಲಾಖೆಗೆ ಸೇರಿದ್ದವು. ಸಂಶೋಧನವಿಭಾಗವು ತರುವಾಯ ಬಾಲ್ಟಿಮೋರಿಗೆ ಹೋಯಿತು. ಆದರೆ ಲೆಕ್ಸಿಂಗ್‌ಟನ್ನಿನಲ್ಲಿ ಪರೀಕ್ಷೆಗೊಂಡ ಮೆಥಡೋನ್, ಬ್ಯುಪ್ರೆನಾರ್ಫಿನ್‌ಗಳು ಇಂದು ಲೋಕದ ನಾನಾ ಕಡೆಗಳಲ್ಲಿ, ನಮ್ಮ ದೇಶದಲ್ಲಿಯೂ, ರೋಗಿಗಳ ಪ್ರಾಣವನ್ನು ಉಳಿಸುತ್ತಿವೆ. ಪಡೆದ ರೀತಿಯು ದೋಷಯುಕ್ತವಾಗಿತ್ತೆಂದು ಜ್ಞಾನವು ಸುಳ್ಳಾಗುವುದಿಲ್ಲ. ಜ್ಞಾನವು ನಿಜವಾದುದರಿಂದ ಆ ದೋಷವು ಅಳಿಯುವುದೂ ಇಲ್ಲ.

1997ರಲ್ಲಿ ಅಮೆರಿಕದ ಮಾದಕವಸ್ತು ಸಂಶೋಧನಸಂಸ್ಥೆಯ ನಿರ್ದೇಶಕನಾಗಿದ್ದ ಅಲನ್ ಲೆಶ್ನರನು ವ್ಯಸನವು ಮಿದುಳಿನ ರೋಗವೆಂದು ಸಾರಿದನು. ಕೋಲ್ಬನ ವ್ಯಕ್ತಿತ್ವದೋಷದಂತೆ, ಹಿಮ್ಮೆಲ್ಸ್‌ಬ್ಯಾಕನ ದೇಹಬಾಧೆಯಂತೆ ಇದರಲ್ಲಿಯೂ ಸತ್ಯಾಂಶವಿದೆ. ಆದರೆ ಹಾಸಿಗೆಯ ಬಳಿ ನಿಂತ ವೈದ್ಯನಿಗೆ ಕಾಣುವವನು ಬಿದ್ದವನು. ಜನಸಮುದಾಯದ ಆರೋಗ್ಯವನ್ನು ಎಣಿಸುವವನಿಗೆ ಬೀಳದವನೂ, ಬಿದ್ದು ಎದ್ದವನೂ ಕಾಣುತ್ತಾರೆ. ಆದುದರಿಂದ ವ್ಯಸನವನ್ನು ಕುರಿತ ಯಾವ ಸಿದ್ಧಾಂತವನ್ನೇ ಆಗಲಿ ಅಂಗೀಕರಿಸುವ ಮುನ್ನ, ಅದು ಯಾರನ್ನು ನೋಡಿ ಹುಟ್ಟಿತು, ಯಾರು ಅದರ ದೃಷ್ಟಿಗೆ ಬೀಳಲೇ ಇಲ್ಲ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ಚಿಕಿತ್ಸಕನಿಗೂ ಆಡಳಿತಗಾರನಿಗೂ ಸಮಾನವಾದ ಕರ್ತವ್ಯ.